ಹಿಮದ ಹಲ್ಲು, ಉಟ್ಕೂರಿನ ಭಂಡಾರ

ಹಳೆಯ ಮೂಳೆಗಳಿಂದ ಡಿಎನ್ಎ ತೆಗೆಯುವ ಕೆಲಸಕ್ಕೆ ಈಗ ಓದಿದ ಹುಡುಗ ಹುಡುಗಿಯರು ಮುಗಿಬೀಳುತ್ತಿದ್ದಾರಂತೆ. ಸಂತೋಷ. ಅವರಿಗೆ ಪಾಠ ಹೇಳಲು ದೊಡ್ಡವರಿದ್ದಾರೆ. ದೊಡ್ಡವರು ಹೇಳದ ಒಂದು ಸಂಗತಿ ನನಗೆ ಗೊತ್ತು, ಅದನ್ನಷ್ಟೇ ಬರೆಯುತ್ತೇನೆ. ಈ ಕೆಲಸದಲ್ಲಿ ಮೈಗೆ ಹತ್ತುವ ಕಾಯಿಲೆ ಹೊಟ್ಟೆಕಿಚ್ಚು. ನನಗೆ ಅದು ಸೇರಿದ ವರ್ಷವೇ ಹತ್ತಿತು. ನಿವೃತ್ತನಾಗಿ ಮಕ್ತಲ್‌ನ ಮನೆಯ ಕಟ್ಟೆಯ ಮೇಲೆ ಕುಳಿತ ಮೇಲೂ ಬಿಟ್ಟಿಲ್ಲ. ಆ ಕಾಯಿಲೆಯ ಹೆಸರು ಮೈಲಾರಪ್ಪ.

ನಮ್ಮ ಪ್ರಯೋಗಾಲಯ ಇದ್ದದ್ದು ಕನ್ನಡ ತೆಲುಗು ಬೆರೆತ ಗಡಿಯ ನಾರಾಯಣಪೇಟೆಯ ಹೊರಗೆ, ಮರಿಕಲ್ ಕಡೆ ಹೋಗುವ ರಸ್ತೆಯಲ್ಲಿ, ಹಿಂದೆ ಹತ್ತಿ ತುಂಬುತ್ತಿದ್ದ ಒಂದು ಗೋದಾಮಿನಲ್ಲಿ. ಹೈದರಾಬಾದಿನ ಸಂಸ್ಥೆಯವರು ಅದನ್ನು ಬೇಕೆಂದೇ ಅಷ್ಟು ದೂರ ಇಟ್ಟಿದ್ದರು. ಬದುಕಿರುವವರ ಡಿಎನ್ಎಯನ್ನು ಕೋಟಿಗಟ್ಟಲೆ ನಕಲು ತೆಗೆಯುವ ಕಟ್ಟಡದಲ್ಲಿ ಗಾಳಿಯಲ್ಲೂ ಆ ನಕಲುಗಳು ತೇಲುತ್ತಿರುತ್ತವೆ. ಅಲ್ಲಿ ಸತ್ತವರ ಮೂಳೆ ತೆರೆದರೆ ಬದುಕಿರುವವರೇ ಮಾತಾಡುತ್ತಾರೆ. ಹೀಗಾಗಿ ಕೊರೆದು ಪುಡಿ ಮಾಡಿ ರಸ ತೆಗೆಯುವುದು ನಮ್ಮಲ್ಲಿ, ಅದನ್ನು ಯಂತ್ರಕ್ಕೆ ಹಾಕಿ ಓದುವುದು ಹೈದರಾಬಾದಿನಲ್ಲಿ. ಏನು ಕೆಲಸ ಎಂದು ಊರವರು ಕೇಳಿದರೆ ಮೊದಮೊದಲು ಇದನ್ನೆಲ್ಲ ವಿವರಿಸುತ್ತಿದ್ದೆ. ನಮ್ಮ ಕಿರಾಣಿ ಅಂಗಡಿಗೆ ಬಂದ ಗಿರಾಕಿಯೊಬ್ಬ ನನ್ನಪ್ಪನಿಗೆ, "ನಿಮ್ಮ ಹುಡುಗ ಎಲುಬು ಬೀಸೋ ಗಿರಣ್ಯಾಗ ಅದಾನಂತಲ್ರೀ, ಖರೇನ?" ಎಂದು ಕೇಳಿದ ಮೇಲೆ ವಿವರಿಸುವುದನ್ನು ಬಿಟ್ಟೆ.

ನಮ್ಮ ಮೊದಲ ಸಾಹೇಬರು ತೆಲುಗಿನವರು. ಬ್ಲೀಚ್ ವಾಸನೆ ಮೂಗಿಗೆ ರಪ್ಪನೆ ಹೊಡೆಯದಿದ್ದರೆ ಅವರ ಲೆಕ್ಕದಲ್ಲಿ ಮೇಜು ತೊಳೆದೇ ಇಲ್ಲ. "ವಾಸನ ರಾಲೇದು, ಮಳ್ಳೀ ಕಡುಗು" ಎಂದು ಬಾಗಿಲಲ್ಲೇ ನಿಂತು ಮತ್ತೆ ತೊಳೆಸುತ್ತಿದ್ದರು. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಒಂದರ ಮೇಲೊಂದು ಕೈಗವಸು, ಮುಖಕ್ಕೆ ಮುಸುಕು. ಬೇಸಿಗೆಯಲ್ಲಿ ಕರೆಂಟು ಹೋದರೆ ಅದರೊಳಗೆ ನಾವು ಬೆಂದು ಹೋಗುತ್ತಿದ್ದೆವು. ಕೆಲಸಕ್ಕೆ ಸೇರಿದ ದಿನವೇ ನಮ್ಮೆಲ್ಲರ ಎಂಜಲು ತೆಗೆದುಕೊಂಡು ನಮ್ಮ ಡಿಎನ್ಎ ಓದಿಸಿ ಇಟ್ಟುಕೊಂಡಿದ್ದರು. ನಮ್ಮದು ಮೂಳೆಯಲ್ಲಿ ಬೆರೆತರೆ ಗೊತ್ತಾಗಲಿ ಎಂದು.

ಅದರ ಅಗತ್ಯ ಏನೆಂದು ತೋರಿಸಿಕೊಟ್ಟವನು ನಾನೇ. ಗದ್ವಾಲದ ಹತ್ತಿರ ಹೊಲದಲ್ಲಿ ಬಾವಿ ತೋಡುವಾಗ ಸಿಕ್ಕ ಹಳೆಯ ಸಮಾಧಿಯ ಮೂಳೆಯೊಂದನ್ನು ನನಗೆ ಕೊಟ್ಟಿದ್ದರು. ಒಳ್ಳೆಯ ಓದು ಬಂತು. ನಾನು ಉಬ್ಬಿಹೋದೆ. ಅಷ್ಟು ಹೊತ್ತಿಗೆ ಸಾಹೇಬರು ಹೋಗಿ ಸುಶೀಲಾ ಮೇಡಂ ಬಂದಿದ್ದರು. ಅವರು ಹುಟ್ಟಿ ಬೆಳೆದದ್ದು ಗದ್ವಾಲದಲ್ಲಿ, ಹೀಗಾಗಿ ನಮ್ಮ ಜತೆ ನಮ್ಮ ಮಾತಿನಲ್ಲೇ ಬೈಯುತ್ತಿದ್ದರು. ಅವತ್ತು ಬೈಯಲಿಲ್ಲ. ನನ್ನನ್ನು ಕರೆದು ಕೂರಿಸಿ, "ವೀರಭದ್ರಪ್ಪ, ನೀವು ತೀರಿಕೊಂಡು ಎರಡು ಸಾವಿರ ವರ್ಷ ಆಗೇತಿ, ಮನ್ಯಾಗ ಯಾರೂ ಹೇಳಿಲ್ಲೇನ್ರಿ?" ಎಂದರು. ಮೂಳೆಯಲ್ಲಿ ಸಿಕ್ಕದ್ದು ನನ್ನ ಡಿಎನ್ಎ. ಕಿರಾಣಿ ಅಂಗಡಿಯಲ್ಲಿ ಬೆಳೆದವನ ಅಭ್ಯಾಸ ನೋಡಿ, ಕಾಳಿನ ಮೇಲೆ ಧೂಳು ಕಂಡರೆ ಊದುವುದು. ಮೂಳೆಯ ಮೇಲೆ ಧೂಳು ಕಂಡಾಗಲೂ ನನಗೆ ಗೊತ್ತಿಲ್ಲದೆ ಮುಸುಕು ಎತ್ತಿ ಉಫ್ ಎಂದು ಊದಿದ್ದೆ. ಈ ಕತೆಯನ್ನು ನನ್ನ ಪಕ್ಕದ ಮೇಜಿನ ಮೈಲಾರಪ್ಪ ನಾರಾಯಣಪೇಟೆಯಿಂದ ಮಕ್ತಲ್‌ವರೆಗಿನ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ ನಗಿಸಿದ. ನಾನೂ ನಕ್ಕೆ, ಏನು ಮಾಡಲಿ.

ಆ ತಪ್ಪಿನ ನಂತರ ನನ್ನಷ್ಟು ಜಾಗರೂಕ ಮನುಷ್ಯ ಆ ಗೋದಾಮಿನಲ್ಲಿ ಇರಲಿಲ್ಲ. ಫಲ ಏನು? ನನಗೆ ಓದೇ ಬರಲಿಲ್ಲ. ಡಿಎನ್ಎಗೆ ಶತ್ರುಗಳೆಂದರೆ ಬಿಸಿ ಮತ್ತು ನೀರು. ನಮ್ಮ ಕಡೆಯ ಮಣ್ಣಿನಲ್ಲಿ ಸಾವಿರಾರು ಬೇಸಿಗೆ ಕಂಡ ಮೂಳೆಯಲ್ಲಿ ಏನೂ ಉಳಿದಿರುವುದಿಲ್ಲ, ಸುಣ್ಣದ ಹಾಗೆ ಪುಡಿಯಾಗುತ್ತದೆ ಅಷ್ಟೆ. ಹಿಮದಲ್ಲಿ ಹೂತವರದು ಹಾಗಲ್ಲ. ಉತ್ತರ ಧ್ರುವದ ಸುತ್ತಲಿನ ಕರಾವಳಿಗಳಿಂದ ಬರುವ ಮೂಳೆ, ಹಲ್ಲು, ಒಮ್ಮೊಮ್ಮೆ ಒಂದು ಕೂದಲ ಎಳೆ ಕೂಡ ನಿನ್ನೆ ತೀರಿಕೊಂಡವರದ್ದೇನೋ ಎಂಬಂತೆ ಮಾತಾಡುತ್ತವೆ. ಒಬ್ಬರ ತಪ್ಪು ಇನ್ನೊಬ್ಬರಿಗೆ ಕಾಣಲಿ ಎಂದು ಅವನ್ನು ಬೇರೆ ಬೇರೆ ದೇಶದ ಪ್ರಯೋಗಾಲಯಗಳಿಗೆ ಹಂಚಿ ಕಳಿಸುತ್ತಿದ್ದರು. ನಮಗೂ ಬರುತ್ತಿದ್ದವು. ಮೇಡಂ ಅವನ್ನೆಲ್ಲ ಮೈಲಾರಪ್ಪನಿಗೆ ಕೊಟ್ಟು, ನಮ್ಮ ಕಡೆಯ ಮೂಳೆಗಳನ್ನು ನನಗೆ ಕೊಟ್ಟರು. "ನೀವು ಹುಷಾರಿ ಮನುಷ್ಯಾರು, ಕಷ್ಟದ್ದು ನಿಮಗ ಇರಲಿ" ಎಂದರು. ಹೊಗಳಿಕೆ ಎಂದು ಮೊದಲು ಹಿಗ್ಗಿದ್ದೆ. ಅದು ಶಿಕ್ಷೆ ಎಂದು ತಿಳಿಯಲು ಸಮಯ ಹಿಡಿಯಿತು.

ಮೈಲಾರಪ್ಪ ಉಟ್ಕೂರಿನವನು, ಕುರುಬರ ಮನೆಯ ಹುಡುಗ, ನಾನು ಸೇರಿದ ದಿನವೇ ಸೇರಿದವನು. ಬಾಯಿಗೆ ಬಿಡುವಿಲ್ಲ. ಮುಸುಕಿನೊಳಗೂ ಹಾಡು ಗುನುಗುತ್ತಿದ್ದ. ಅವನು ಮುಟ್ಟಿದ್ದೆಲ್ಲ ಓದು ಕೊಡುತ್ತಿತ್ತು. "ಮೈಲಾರಿ ಕೈಗುಣ ಚಲೋ ಐತಿ" ಎಂದು ಕಾವಲುಗಾರನಿಂದ ಹಿಡಿದು ಮೇಡಂವರೆಗೆ ಎಲ್ಲರೂ ಹೇಳುವವರೇ. ಕೈಗುಣವಲ್ಲ ಮಾರಾಯರೇ, ಅದು ಹಿಮದ ಗುಣ, ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಹೇಳಿದರೆ ನನ್ನ ಹೊಟ್ಟೆ ಉರಿ ಎಲ್ಲರಿಗೂ ಕಾಣುತ್ತದಲ್ಲ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ನಾರಾಯಣಪೇಟೆಯಲ್ಲಿ ಊರಿನ ಹಿರಿಯರು ಅವನಿಗೆ ಶಾಲು ಹೊದಿಸಿದ ದಿನ ನಾನು ಎರಡನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದೆ. ಅಂಗೈ ಉರಿಯುವಷ್ಟು ತಟ್ಟಿದೆ, ಯಾರಿಗೂ ಅನುಮಾನ ಬರಬಾರದೆಂದು.

ಆ ಸಭೆಯಲ್ಲಿ ಅವನು ಮಾತಾಡಿದ್ದು ಚೆನ್ನಾಗಿತ್ತು, ಅದು ಇನ್ನೂ ಸಂಕಟ. "ಧ್ರುವಕ್ಕ ಮನುಷ್ಯಾ ಒಮ್ಮೆ ಹೋಗಿ ಕುಂತಬಿಟ್ಟ ಅಂತ ತಿಳ್ಕೊಂಡೀರಿ. ಹಂಗಲ್ಲ. ಒಂದು ಗುಂಪು ಬ್ಯಾಟಿ ಹಿಂದ ಹೋತು, ನೆಲಿ ಕಂಡಿತು, ಅಲ್ಲೇ ಕರಗಿ ಹೋತು. ಆಮ್ಯಾಲ ಇನ್ನೊಂದು ಬಂತು. ಈಗ ಅಲ್ಲಿರೋರು ಮೊದಲು ಹೋದೋರ ಮಕ್ಕಳು ಅಂತ ಹೇಳಾಕ ಬರೂದಿಲ್ಲ" ಎಂದ. ನಮ್ಮ ಕಸುಬು ಇಷ್ಟೇ: ಯಾರು ಮೊದಲು ಬಂದರು, ಯಾರು ಆಮೇಲೆ, ಯಾರ ರಕ್ತ ಯಾರಲ್ಲಿ ಉಳಿಯಿತು ಎಂದು ಹಲ್ಲು ಮೂಳೆಗಳನ್ನು ಕೇಳುವುದು. ನಾವು ಸೇರಿದಾಗ ಹೆಬ್ಬೆರಳಿನಷ್ಟು ಮೂಳೆ ಅರೆದು, ಒಂದೊಂದೇ ಪ್ರಶ್ನೆ ಕೇಳಿ ಒಂದೊಂದೇ ಉತ್ತರಕ್ಕೆ ಕಾಯುತ್ತಿದ್ದೆವು. ಈಗ ಚಿಟಿಕೆ ಪುಡಿ ಸಾಕು, ಯಂತ್ರ ಇದ್ದಬದ್ದ ಚೂರುಗಳನ್ನೆಲ್ಲ ಓದಿಬಿಡುತ್ತದೆ. ಚಿಟಿಕೆ ಸಾಕು ಎನ್ನುವ ಕಾಲದಲ್ಲಿ ಚಿಟಿಕೆ ಕೊಳಕೂ ಸಾಕು, ಅದನ್ನು ನೆನಪಿಡಿ.

ನಾನು ನಿವೃತ್ತನಾಗುವ ಮುಂಚಿನ ವರ್ಷ ಒಂದು ದವಡೆ ಹಲ್ಲು ಬಂತು. ದೂರದ ಉತ್ತರದ ಒಂದು ಕರಾವಳಿಯಲ್ಲಿ ಸಿಕ್ಕ, ಬಹಳ ಹಿಂದಿನ ಹೆಂಗಸೊಬ್ಬಳದು. ಅಲ್ಲಿನ ಈಗಿನ ಜನ ಅದನ್ನು ಕೊಡಲು ಒಪ್ಪಿದ್ದು ಒಂದು ಕರಾರಿನ ಮೇಲೆ. ಬೇರಿನಿಂದ ಎರಡು ಚಿಟಿಕೆ ಪುಡಿ ತೆಗೆದು ಹಲ್ಲನ್ನು ಹಿಂದಿರುಗಿಸಬೇಕು, ಅವರು ಅದನ್ನು ಮತ್ತೆ ಮಣ್ಣು ಮಾಡುತ್ತಾರೆ. ಈ ಒಂದು ಹಲ್ಲನ್ನಾದರೂ ನನಗೆ ಕೊಡಿ ಎಂದು ಮೇಡಂ ಹತ್ತಿರ ಹೋಗಿ ಕೇಳಿದೆ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಿವೃತ್ತನಾಗುವ ಮೊದಲು ನನ್ನ ಕೈಯಿಂದಲೂ ಒಬ್ಬ ಮನುಷ್ಯ ಮಾತಾಡಬೇಕು ಎಂಬ ಆಸೆ ಇತ್ತು. ಮೇಡಂ ನನ್ನ ಮುಖ ನೋಡಲಿಲ್ಲ. "ಒಂದ ಹಲ್ಲು ಐತ್ರಿ. ಮೈಲಾರಿ ಮಾಡ್ಲಿ" ಎಂದರು.

ಮೈಲಾರಪ್ಪನಿಗೆ ಒಂದು ಪದ್ಧತಿ ಇತ್ತು. ಯಾವ ಪೆಟ್ಟಿಗೆ ಬಂದರೂ ಒಳಕೋಣೆಗೆ ಒಯ್ಯುವ ಮೊದಲು, ಹೊರಗಿನ ಕೋಣೆಯಲ್ಲಿ ಅದರ ಮುಚ್ಚಳಕ್ಕೆ ಚಿಟಿಕೆ ಭಂಡಾರ ಹಚ್ಚುತ್ತಿದ್ದ. ಭಂಡಾರವೆಂದರೆ ಮೈಲಾರ ದೇವರ ಅರಿಶಿನ ಪುಡಿ. "ಸತ್ತೋರನ್ನ ಕೇಳದ ಕೊರಿಬಾರ್ದು" ಎನ್ನುತ್ತಿದ್ದ. ಆಮೇಲೆ ಕೈ ತೊಳೆದು, ಮುಚ್ಚಳ ಒರೆಸಿ ಒಳಗೆ ಹೋಗುತ್ತಿದ್ದ. ಮೇಡಂಗೆ ಗೊತ್ತಿತ್ತು, ಕಂಡೂ ಕಾಣದಂತೆ ಇರುತ್ತಿದ್ದರು. ಈ ಸಲ ಪೆಟ್ಟಿಗೆಯ ಮುಚ್ಚಳ ದಾರಿಯಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ನೋಡಿದವನು ನಾನು.

ತಿಂಗಳಾದ ಮೇಲೆ ಹೈದರಾಬಾದಿನಿಂದ ಓದು ಬಂತು. ಆ ಹೆಂಗಸಿನ ತಾಯಿಯ ಬಳ್ಳಿ, ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಡಿಎನ್ಎ, ಆ ಕರಾವಳಿಯಲ್ಲಿ ಈವರೆಗೆ ಕಂಡ ಯಾರದ್ದಕ್ಕೂ ಹೊಂದುತ್ತಿರಲಿಲ್ಲ. ಅಲ್ಲಿಗೆ ಮೊದಲು ಬಂದವರೆಂದು ನಾವು ತಿಳಿದವರಿಗಿಂತ ಬೇರೆಯೇ ಒಂದು ಗುಂಪು ಬಂದು ಹೋಗಿರಬಹುದು. ಗೋದಾಮಿನಲ್ಲಿ ಪೇಡೆ ಹಂಚಿದರು. ನನ್ನ ಕೈಯಲ್ಲಿದ್ದ ಪೇಡೆ ಬಾಯಿಗೆ ಹೋಗಲಿಲ್ಲ. ಆ ಬಳ್ಳಿ ಏಷ್ಯಾದ ಒಂದು ಬಹಳ ಹಳೆಯ ದೊಡ್ಡ ಕೊಂಬೆಗೆ ಸೇರಿತ್ತು, ಅದರ ಟಿಸಿಲುಗಳು ನಮ್ಮ ಕಡೆಯ ಜನರಲ್ಲೂ ಹೇರಳ. ಓದು ತೆಳ್ಳಗಿತ್ತು, ಎಂದರೆ ಸಿಕ್ಕ ಚೂರುಗಳು ಕಡಿಮೆ. ಮುಚ್ಚಳ ಬಿರುಕು ಬಿಟ್ಟಿತ್ತು. ಅದರ ಮೇಲೆ ಮೈಲಾರಪ್ಪ ಭಂಡಾರ ಹಚ್ಚಿದ್ದ. ನನ್ನ ಎದೆ ಕುಣಿಯಿತು, ಸುಳ್ಳು ಹೇಳುವುದಿಲ್ಲ.

"ಮೇಡಂ, ಇದು ಆ ಹೆಂಗಸಿಂದಲ್ಲ. ಮುಚ್ಚಳ ಬಿರುಕ ಬಿಟ್ಟಿತ್ತು. ಭಂಡಾರ ಕುಟ್ಟಿದೋರ ಕೈಯಿಂದ ಬಂದಿದ್ದು" ಎಂದು ಎಲ್ಲರ ಮುಂದೆ ಹೇಳಿದೆ. ನಗು ನಿಂತಿತು. ಮೈಲಾರಪ್ಪ ಕೈಯಲ್ಲಿದ್ದ ಪೇಡೆಯನ್ನು ಮೇಜಿನ ಮೇಲೆ ಇಟ್ಟ. ಮೇಡಂ ನನ್ನ ಕಡೆ ತಿರುಗಿ, "ಅನುಮಾನ ನಿಮ್ಮದು, ಬಗಿಹರಿಸೋ ಕೆಲಸಾನೂ ನಿಮ್ಮದ. ಭಂಡಾರ ಮುಟ್ಟಿದೋರ ಎಂಜಲು ತರ್ರಿ. ಇನ್ನೊಂದು ಚಿಟಿಕಿ ಪುಡಿ ಉಳದೈತಿ, ಅದನ್ನ ನೀವ ಮತ್ತ ಮಾಡ್ರಿ. ಬ್ಯಾರೆ ಕೈ, ಬ್ಯಾರೆ ಮೇಜು" ಎಂದರು. ಇಡೀ ಜೀವನ ಬೇಡಿದ ಹಿಮದ ಪುಡಿ ನನ್ನ ಪಾಲಿಗೆ ಹೀಗೆ ಬಂತು.

ಮರುದಿನ ಮಕ್ತಲ್‌ನಿಂದ ಶೇರ್ ಆಟೋ ಹತ್ತಿ ಉಟ್ಕೂರಿಗೆ ಹೋದೆ. ಮೈಲಾರಪ್ಪನ ತಾಯಿ ಮಾಳಮ್ಮ ಅಂಗಳದಲ್ಲಿ ಒರಳಿನ ಮುಂದೆ ಕುಳಿತು ಅರಿಶಿನ ಕುಟ್ಟುತ್ತಿದ್ದಳು. ಮೊಣಕೈಯವರೆಗೆ ಹಳದಿ. ಸುತ್ತ ಹತ್ತು ಹಳ್ಳಿಯ ಭಕ್ತರಿಗೆ ಅವಳ ಮನೆಯ ಭಂಡಾರವೇ ಬೇಕಂತೆ.

"ಬಾರಪ್ಪಾ ಈರಭದ್ರ. ಮೈಲಾರಿ ಬಂದಿಲ್ಲಲ್ಲ?"

"ನಿನ್ನ ಹತ್ರಾನ ಬಂದೀನವ್ವಾ. ಭಂಡಾರ ಯಾರು ಯಾರು ಮುಟ್ಟತೀರಿ?"

"ನಾ ಕುಟ್ಟತೀನಿ, ಸಣ್ಣ ಸೊಸಿ ಜರಡಿ ಹಿಡಿತಾಳ. ಮತ್ಯಾರನ್ನೂ ಮುಟ್ಟಗೊಡಂಗಿಲ್ಲ. ಯಾಕ, ಹುಳ ಬಿದ್ದಾವೇನು?"

ಹಲ್ಲಿನ ವಿಷಯ ಹೇಳಿದೆ. ಅಷ್ಟು ಚಳಿಯ ಊರಿಗೆ ಆ ಹೆಂಗಸು ಯಾಕೆ ಹೋದಳು ಎಂದು ಕೇಳಿದಳು. ಬೇಟೆಯ ಹಿಂದೆ ಎಂದೆ. "ಹಂಗಾರ ನಮ್ಮಂಗ ಬಿಡು, ಕುರಿ ಹಿಂದ ಹೋದಂಗ" ಎಂದು ನಕ್ಕಳು. ಅವಳ ಹಲ್ಲಿನಲ್ಲಿ ಸಿಕ್ಕದ್ದು ನಿನ್ನದೋ ನಿನ್ನ ಸೊಸೆಯದೋ ಇರಬಹುದು ಎಂದು ನನಗೆ ಅನುಮಾನ ಎಂದಾಗ ನಗು ನಿಂತಿತು. ಒನಕೆ ಕೆಳಗಿಟ್ಟಳು.

"ಅಂದ್ರ ನನ್ನ ಮಗನ ಕೆಲಸ ನಾನ ಕೆಡಿಸಿದಂಗಾತಲ್ಲೋ?"

"ನೋಡದ ಹೇಳಾಕ ಬರೂದಿಲ್ಲವ್ವಾ" ಎಂದೆ.

ಅತ್ತೆ ಸೊಸೆ ಇಬ್ಬರೂ ನಾನು ಕೊಟ್ಟ ಕೊಳವೆಗಳಲ್ಲಿ ಉಗುಳಿ ಕೊಟ್ಟರು. ನಾನು ಚಹಾ ಕೂಡ ಕುಡಿಯದೆ ಹೊರಟೆ. ಆಟೋದಲ್ಲಿ ಕೊಳವೆಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಮೈಲಾರಪ್ಪನ ಶಾಲನ್ನು ಯಾರೋ ವಾಪಸು ಕೇಳುತ್ತಿರುವಂತೆ ಕಲ್ಪಿಸಿಕೊಳ್ಳುತ್ತಾ ಬಂದೆ.

ಮೇಡಂ ಕೊಳವೆಗಳನ್ನು ನೋಡಿದವರೇ ಹಣೆ ಚಚ್ಚಿಕೊಂಡರು. "ಸೊಸಿದು ಸರಿ. ಮಾಳಮ್ಮಂದು ಯಾಕ್ರಿ ತಂದ್ರಿ? ತಾಯಿ ಬಳ್ಳಿ ಮಗನ ಹತ್ರಾನ ಇರತೈತಿ. ಮೈಲಾರಿದು ಅವ ಸೇರಿದ ದಿನಾನ ನಮ್ಮ ಹತ್ರ ಐತಿ, ಹಲ್ಲಿಗೆ ಹೊಂದೂದಿಲ್ಲಂತ ಓದು ಬಂದ ದಿನಾನ ನೋಡೀವಿ." ನೆಲ ಬಾಯಿ ಬಿಡಬಾರದೇ ಎನಿಸಿತು. ಇದು ಈ ಕಸುಬಿನ ಮೊದಲ ಪಾಠ. ಮೂವತ್ತು ವರ್ಷ ಈ ಪಾಠವನ್ನೇ ಹೊಸಬರಿಗೆ ಹೇಳಿಕೊಟ್ಟವನು ಉಟ್ಕೂರಿನವರೆಗೆ ಹೋಗಿ ಒಬ್ಬ ತಾಯಿಯ ಮನಸ್ಸು ಕೆಡಿಸಿ ಬಂದಿದ್ದೆ. ಹೊಟ್ಟೆಕಿಚ್ಚು ತಲೆಗೇರಿದರೆ ಕಲಿತದ್ದೂ ಮರೆಯುತ್ತದೆ.

ಆಮೇಲೆ ಪುಡಿಯ ಕೆಲಸ. ಹೊಸಬರೇ, ಆ ದಿನದ ನನ್ನ ಸ್ಥಿತಿ ಅರ್ಥಮಾಡಿಕೊಳ್ಳಿ. ನನ್ನ ಓದು ಮೈಲಾರಪ್ಪನದಕ್ಕೆ ಹೊಂದಿದರೆ ಅವನು ಗೆದ್ದ. ನನಗೆ ಓದು ಬರದಿದ್ದರೆ, ಬೇರೆಯದೇ ಏನೋ ಬಂದರೆ, ಅವನು ಬಿದ್ದ. ಆದರೆ ನಾನು ಯಾವತ್ತಿನಂತೆ ಓದು ಬಾರದ ವೀರಭದ್ರಪ್ಪನಾಗಿಯೇ ಮನೆಗೆ ಹೋಗಬೇಕು. ಯಾವುದು ಆಗಲಿ ಎಂದು ದೇವರನ್ನು ಕೇಳಲೂ ಬಾಯಿ ಬರಲಿಲ್ಲ. ಮೇಜು ತೊಳೆದೆ, ಮತ್ತೆ ತೊಳೆದೆ. ಉಸಿರು ಬಿಡಲೂ ಹೆದರಿದೆ. ಕೊಳವೆಯ ತಳದಲ್ಲಿ ಆ ಪುಡಿ ತಿಳಿಹಳದಿಯಾಗಿತ್ತು. ಅರಿಶಿನವೇ ಎಂದು ಒಂದು ಕ್ಷಣ ಅನಿಸಿತು. ಅಲ್ಲ, ಹಳೆಯ ಹಲ್ಲಿನ ಬಣ್ಣವೇ ಅದು. ಅದನ್ನು ಕೆಡಿಸಲು ಒಂದು ಊದು ಸಾಕಿತ್ತು. ಕೆಡಿಸುವ ಯೋಚನೆ ಬರಲಿಲ್ಲ, ಅದು ನನ್ನ ದೊಡ್ಡತನವಲ್ಲ. ಹಿಮದ ಪುಡಿ ಕೈಗೆ ಬಂದಾಗ ನನಗೆ ಮೈಲಾರಪ್ಪನೇ ಮರೆತುಹೋಗಿದ್ದ.

ಓದು ಬಂತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸ್ವಚ್ಛವಾದ ಓದು ಬಂದಿರಲಿಲ್ಲ. ತುದಿಗಳು ಸವೆದ ಚೂರುಗಳು, ಹಳೆಯ ಡಿಎನ್ಎಗೆ ಇರುವ ಗುರುತು ಅದು. ಸೊಸೆಯದು ಹೊಂದಲಿಲ್ಲ. ನಮ್ಮ ಯಾರದ್ದೂ ಹೊಂದಲಿಲ್ಲ. ಹೊಂದಿದ್ದು ಮೈಲಾರಪ್ಪ ತೆಗೆದ ಓದಿಗೆ ಮಾತ್ರ, ಅಕ್ಷರಕ್ಕೆ ಅಕ್ಷರ. ಆ ಹೆಂಗಸು ಖರೆ ಇದ್ದಳು, ಅವಳ ಜನ ಖರೆ ಇದ್ದರು, ಆ ಚಳಿಯ ಕರಾವಳಿಗೆ ಬಂದು ಬದುಕಿದ್ದರು. ಮೇಡಂ ನನ್ನ ಕೈ ಕುಲುಕಿದರು. "ನೀವು ಹಿಂಗ ಹಟ ಹಿಡೀದಿದ್ರ ಇದನ್ನ ಯಾರೂ ನಂಬತಿರಲಿಲ್ಲ" ಎಂದರು. ನನಗೆ ಅಳು ಬಂತು. ಯಾವುದಕ್ಕೆ ಎಂದು ಈಗಲೂ ಬಿಡಿಸಿ ಹೇಳಲಾರೆ. ನಾನು ಗೆದ್ದಿದ್ದೆ, ಅವನ ಪರವಾಗಿ.

ಮೈಲಾರಪ್ಪ ರಜೆ ಹಾಕಿ ಗದ್ವಾಲದ ಮಗಳ ಮನೆಯಲ್ಲಿದ್ದ. ಫೋನಿನಲ್ಲಿ ಹೇಳಬಹುದಿತ್ತು. ಗೆದ್ದವನ ಮುಖ ಹೇಗಿರುತ್ತದೆಂದು ನೋಡಿ ಇನ್ನಷ್ಟು ಉರಿದುಕೊಳ್ಳುವ ಚಪಲವೋ ಏನೋ, ಬಸ್ಸು ಹತ್ತಿದೆ. ಅವನು ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ. ಗಡ್ಡ ಬೆಳೆದಿತ್ತು.

"ನಿಂದು ಖರೆ ಐತಿ, ಮೈಲಾರಿ. ನಂದೂ ಅದ ಬಂತು" ಎಂದೆ.

ಅವನು ಕುಣಿಯಲಿಲ್ಲ. ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಹಾಕಿ ಫೋನು ತೆಗೆದ. "ಮೊದಲು ಅವ್ವಗ ಹೇಳು. ನೀ ಹೋಗಿ ಬಂದಾಗಿಂದ ಒರಳು ಮುಟ್ಟಿಲ್ಲ. ಭಕ್ತರು ಬಂದ್ರ ವಾಪಸ್ ಕಳಿಸಾಕ ಹತ್ಯಾಳ. ನಿಂದಲ್ಲವ್ವಾ ಅಂತ ನಾ ಎಷ್ಟು ಹೇಳಿದ್ರೂ ನಂಬವಲ್ಲಳು. ತಾಯಿನ್ನ ಉಳಸಾಕ ಸುಳ್ಳ ಹೇಳತಿ ಅಂತಾಳ. ನೀ ಹೇಳಿದ್ರ ನಂಬತಾಳ."

ಫೋನು ಕಿವಿಗೆ ಹಿಡಿದೆ.

"ಈರಭದ್ರನೇನಪ್ಪಾ? ಏನಾತು?"

"ನಿಂದಲ್ಲವ್ವಾ. ನಿನ್ನ ಸೊಸಿದೂ ಅಲ್ಲ. ಆ ಹೆಂಗಸಿಂದ. ನಾನ ಕೈಯಾರೆ ಮಾಡಿ ನೋಡೀನಿ."

"ನೀನ ಮಾಡಿದ್ಯಾ? ನಿನ್ನ ಕೈಗೂ ಬಂತಾ?" ಎಂದಳು.

"ಬಂತವ್ವಾ."

"ಬಂತಲ್ಲಪ್ಪಾ, ಪುಣ್ಯಾ! ಈರಭದ್ರಗ ಒಂದೂ ಬರವಲ್ದವ್ವಾ, ಪಾಪ, ನನಗಿಂತ ಚಂದ ಮಾಡತಾನ ಅಂತ ಮೈಲಾರಿ ಬಂದಾಗೊಮ್ಮೆ ಹೇಳಾಂವ. ವರ್ಷಾ ವರ್ಷಾ ನಿನ್ನ ಹೆಸರ್ಲೆ ದೇವರಿಗೆ ಒಂದು ಹಿಡಿ ಭಂಡಾರ ಹಾರಸ್ತಿದ್ದೆ ನಾ."

ಫೋನನ್ನು ಮೈಲಾರಪ್ಪನಿಗೆ ಕೊಟ್ಟೆ. ಅವನು ನನಗೆ ಬೆನ್ನು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ಊಟ ಮಾಡವ್ವಾ, ಮೊದಲು ಊಟ ಮಾಡು ಎಂದು ಹೇಳುತ್ತಿದ್ದ. ಹಿಮದ ಮೂಳೆಗಳಿಗೆ, ಕೈಗುಣಕ್ಕೆ, ಒಂದು ಶಾಲಿಗೆ ಇಷ್ಟು ವರ್ಷ ಉರಿದುಕೊಂಡಿದ್ದೆ. ಅದೆಲ್ಲ ಅಂಥ ದೊಡ್ಡದೇನೂ ಅಲ್ಲ. ಅವನ ಹತ್ತಿರ ನಿಜವಾಗಿ ಏನಿತ್ತು, ಎಂಥ ತಾಯಿ, ಎಂಥ ಮನಸ್ಸು ಎಂದು ಗದ್ವಾಲದ ಆ ಅಂಗಳದಲ್ಲಿ ಕಂಡೆ, ಅದರ ಮೇಲಿನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ.